ತೀರ್ಥಯಾತ್ರೆಗೂ ಒಂದು ಪರಿಮಾಣ

‘ತೀರ್ಥ’ ಎಂದರೆ ದಾಟುವ ಸ್ಥಳ, ನದಿಯ ಕಡವು ಎಂಬುದು ಮೂಲಾರ್ಥ. ಸಂಸಾರವೆಂಬ ಮಹಾನದಿಯನ್ನು ದಾಟುವ ಮಾರ್ಗವನ್ನು ತೋರಿದವರು ತೀರ್ಥಂಕರರು. ಅವರ ಕಲ್ಯಾಣಕಗಳಿಂದಲೂ ಮುನಿಜನರ ತಪಸ್ಸಿನಿಂದಲೂ ಪುನೀತವಾದ ಭೂಮಿಯೇ ತೀರ್ಥಕ್ಷೇತ್ರ. ಜೀವಮಾನದಲ್ಲಿ ಒಮ್ಮೆಯಾದರೂ ಶ್ರೀ ಸಮ್ಮೇದ ಶಿಖರಜಿಯ ವಂದನೆ ಮಾಡಬೇಕೆಂಬ ಹಂಬಲವಿಲ್ಲದ ಜೈನ ಮನೆ ಇರಲಾರದು. ಆ ಮನೆಯಲ್ಲಿ ಆಡುವ ಭಾಷೆ ಕನ್ನಡವಾಗಿರಲಿ, ಮರಾಠಿ, ತೆಲುಗು, ಗುಜರಾತಿ ಅಥವಾ ಮಾರವಾಡಿಯಾಗಿರಲಿ, ಹಂಬಲ ಒಂದೇ.

ಹಿಂದಿನ ತಲೆಮಾರಿನವರಿಗೆ ಯಾತ್ರೆಯೆಂದರೆ ತಿಂಗಳುಗಟ್ಟಲೆಯ ಸಿದ್ಧತೆ. ಮನೆಯ ವ್ಯವಹಾರವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಹಿಟ್ಟು ಬೇಳೆ ಕಟ್ಟಿಕೊಂಡು, ಬಂಧುಬಳಗದ ಕ್ಷಮೆ ಕೇಳಿ ಹೊರಡುತ್ತಿದ್ದರು. ಇಂದು ಜಹೀರಾಬಾದಿನಲ್ಲಿ ರಾತ್ರಿ ಬಸ್ಸು ಏರಿದವರು ಮರುದಿನ ಸಂಜೆಯೊಳಗೆ ಶ್ರವಣಬೆಳಗೊಳದಲ್ಲಿರುತ್ತಾರೆ. ಇದು ಸಂತೋಷದ ಸಂಗತಿಯೇ. ವೃದ್ಧರಿಗೂ ಅಶಕ್ತರಿಗೂ ದರ್ಶನ ಸುಲಭವಾಯಿತು. ಆದರೆ ದರ್ಶನಕ್ಕೆ ಹೋಗುವವರ ಸಂಖ್ಯೆ ಬೆಳೆದಷ್ಟು ಕ್ಷೇತ್ರದ ಬಾವಿ ಬೆಳೆಯಲಿಲ್ಲ, ಮೆಟ್ಟಿಲು ಅಗಲವಾಗಲಿಲ್ಲ, ಸಾವಿರ ವರ್ಷದ ಕಲ್ಲು ಗಟ್ಟಿಯಾಗಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರದ ಕಡತಗಳಲ್ಲಿಯೂ ಪತ್ರಿಕೆಗಳಲ್ಲಿಯೂ ‘ಸುಸ್ಥಿರ ಪ್ರವಾಸೋದ್ಯಮ’ ಎಂಬ ಮಾತು ಪದೇ ಪದೇ ಬರುತ್ತಿದೆ. ಬಂದವರಿಗೂ ತೃಪ್ತಿಯಾಗಬೇಕು, ಊರವರಿಗೂ ಹೊಟ್ಟೆ ತುಂಬಬೇಕು, ಆದರೆ ಸ್ಥಳವು ಮುಂದಿನ ಪೀಳಿಗೆಗೆ ಇದ್ದಂತೆಯೇ ದಾಟಬೇಕು ಎಂಬುದು ಅದರ ತಾತ್ಪರ್ಯ. ಮಾತು ಹೊಸದು. ವಿಚಾರ ಜೈನ ಶ್ರಾವಕನಿಗೆ ಹೊಸದೇನಲ್ಲ.

ಶಿಖರಜಿಯ ಪಾಠ

ಈ ಪ್ರಶ್ನೆ ಸಮಾಜದ ಮನೆ ಮನೆಗೂ ತಲುಪಿದ್ದು 2022ರ ಡಿಸೆಂಬರ್ ಮತ್ತು 2023ರ ಜನವರಿಯಲ್ಲಿ. ಜಾರ್ಖಂಡದ ಗಿರಿಡೀಹ್ ಜಿಲ್ಲೆಯ ಪಾರಸನಾಥ ಬೆಟ್ಟವೇ ಸಮ್ಮೇದ ಶಿಖರಜಿ. ಇಪ್ಪತ್ನಾಲ್ಕು ತೀರ್ಥಂಕರರಲ್ಲಿ ಇಪ್ಪತ್ತು ಮಂದಿ ಮೋಕ್ಷಕ್ಕೆ ಸಂದ ನಿರ್ವಾಣಭೂಮಿ. 2019ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಲ್ಲಿಯ ವನ್ಯಜೀವಿ ಧಾಮದ ಸುತ್ತಲಿನ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಅಧಿಸೂಚಿಸಿತು. ಅದರಲ್ಲಿ ಪರಿಸರ ಪ್ರವಾಸೋದ್ಯಮಕ್ಕೂ ಅವಕಾಶವಿತ್ತು. ಮೋಜಿಗೆ ಬರುವವರು, ಮದ್ಯ ಮಾಂಸ ತರುವವರು ನಿರ್ವಾಣಭೂಮಿಯನ್ನು ವಿಹಾರಧಾಮ ಮಾಡಿಯಾರೆಂಬ ಆತಂಕ ದೇಶಾದ್ಯಂತ ಹಬ್ಬಿತು. ಅನೇಕ ನಗರಗಳಲ್ಲಿ ಜೈನ ವರ್ತಕರು ಅಂಗಡಿ ಮುಚ್ಚಿ ಮೌನ ಮೆರವಣಿಗೆ ನಡೆಸಿದರು. ಜೈಪುರದಲ್ಲಿ ಉಪವಾಸ ಕೈಗೊಂಡಿದ್ದ ಮುನಿಶ್ರೀ ಸುಜ್ಞೇಯಸಾಗರ ಮಹಾರಾಜರು 2023ರ ಜನವರಿ 3ರಂದು ದೇಹತ್ಯಾಗ ಮಾಡಿದರು. ಜನವರಿ 5ರಂದು ಕೇಂದ್ರ ಸರ್ಕಾರವು ಆ ವಲಯದಲ್ಲಿ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಮಾದಕ ವಸ್ತುಗಳ ಮಾರಾಟ ಸೇವನೆ, ಧ್ವನಿವರ್ಧಕದ ಗದ್ದಲ, ಸಾಕುಪ್ರಾಣಿಗಳನ್ನು ಕರೆತರುವುದು, ಅನಧಿಕೃತ ಡೇರೆ ಮತ್ತು ಚಾರಣ ಇವುಗಳ ಮೇಲಿನ ನಿಷೇಧವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವಂತೆ ರಾಜ್ಯಕ್ಕೆ ಸೂಚಿಸಿತು. ಉಸ್ತುವಾರಿ ಸಮಿತಿಯಲ್ಲಿ ಜೈನ ಸಮಾಜದ ಇಬ್ಬರು ಹಾಗೂ ಸ್ಥಳೀಯ ಆದಿವಾಸಿ ಸಮುದಾಯದ ಒಬ್ಬರು ಇರತಕ್ಕದ್ದೆಂದೂ ಹೇಳಿತು.

ಈ ಕೊನೆಯ ಮಾತನ್ನು ಅನೇಕರು ಗಮನಿಸಲಿಲ್ಲ. ಸಂತಾಲ ಆದಿವಾಸಿಗಳಿಗೆ ಅದೇ ಬೆಟ್ಟ ‘ಮರಾಂಗ್ ಬುರು’, ಅವರ ಪರಮಪೂಜ್ಯ ಸ್ಥಾನ. ಬೆಟ್ಟದ ಬುಡದಲ್ಲಿ ಬಾಳುವವರನ್ನು ಬಿಟ್ಟು ಬೆಟ್ಟವನ್ನು ಕಾಯುವುದು ಸಾಧ್ಯವಿಲ್ಲವೆಂಬುದನ್ನು ಆ ಆದೇಶ ಒಪ್ಪಿಕೊಂಡಿತ್ತು.

ಅಂಗಡಿಯನ್ನು ಒಂದು ದಿನ ಮುಚ್ಚುವುದು ಕಷ್ಟವಾದರೂ ಸಾಧ್ಯವಾದ ತ್ಯಾಗ. ಅದಕ್ಕಿಂತ ಕಠಿಣವಾದ ಪ್ರಶ್ನೆ ಬೇರೆ ಇದೆ. ಶಿಖರಜಿಯ ವಂದನೆ ಸುಮಾರು 27 ಕಿಲೋಮೀಟರಿನದು. ನಸುಕಿಗೆ ಮುನ್ನವೇ ಬರಿಗಾಲಿನಲ್ಲಿ ಹೊರಟ ಯಾತ್ರಿಕರ ಶ್ರದ್ಧೆಯನ್ನು ಯಾರೂ ಸಂಶಯಿಸಲಾರರು. ಆದರೆ ಆ ಹಾದಿಯಲ್ಲಿ ಯಾತ್ರಿಕನ ಕೈಯಿಂದ ಬಿದ್ದ ಪ್ಲಾಸ್ಟಿಕ್ ಬಾಟಲಿಯೂ ಪ್ರವಾಸಿಯ ಕೈಯಿಂದ ಬಿದ್ದ ಬಾಟಲಿಯೂ ಒಂದೇ. ಬೆಟ್ಟಕ್ಕೆ ಆ ಭೇದ ತಿಳಿಯದು. ಹೊರಗಿನವರನ್ನು ತಡೆಯಲು ಸರ್ಕಾರದ ಆದೇಶ ಸಾಕು. ಒಳಗಿನವರನ್ನು ತಡೆಯಲು ಆದೇಶ ಹೊರಡಿಸುವವರು ಯಾರು?

ಹಿರಿಯರು ಹಾಕಿದ ಮಿತಿ

ಆ ಆದೇಶವನ್ನು ಹಿರಿಯರು ಬಹಳ ಹಿಂದೆಯೇ ಹೊರಡಿಸಿದ್ದಾರೆ. ಶ್ರಾವಕನ ಹನ್ನೆರಡು ವ್ರತಗಳನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ, ಅಂದರೆ ಆಸ್ತಿಗೆ ತಾನೇ ಹಾಕಿಕೊಳ್ಳುವ ಅಳತೆ. ದಿಗ್ವ್ರತದಲ್ಲಿ ಶ್ರಾವಕನು ಯಾವ ದಿಕ್ಕಿಗೆ ಎಷ್ಟು ದೂರ ಹೋಗುವೆನೆಂಬುದಕ್ಕೂ ಮಿತಿ ಹಾಕಿಕೊಳ್ಳುತ್ತಾನೆ. ಭೋಗೋಪಭೋಗ ಪರಿಮಾಣದಲ್ಲಿ ಉಣ್ಣುವ ವಸ್ತುವಿಗೂ ಮತ್ತೆ ಮತ್ತೆ ಬಳಸುವ ವಸ್ತುವಿಗೂ ಮಿತಿ. ಅನರ್ಥದಂಡದ ಬಗೆಗಳಲ್ಲಿ ‘ಪ್ರಮಾದಚರ್ಯೆ’ ಎಂಬುದೊಂದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡದ ಎಲೆ ಕೀಳುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಬೆಟ್ಟವೇರುವಾಗ ಕೈಗೆ ಸಿಕ್ಕ ಟೊಂಗೆ ಮುರಿಯುವವನು, ಬಂಡೆಯ ಮೇಲೆ ಮೊಳೆಯಿಂದ ಹೆಸರು ಗೀಚುವವನು ಕಾನೂನು ಮುರಿದನೋ ಇಲ್ಲವೋ ಪೊಲೀಸರು ನೋಡಲಿ, ವ್ರತವನ್ನಂತೂ ಮುರಿದನು.

ಈ ಮಿತಿಯನ್ನು ಕ್ಷೇತ್ರಗಳಿಗೆ ಅನ್ವಯಿಸಿದವರೂ ಹಿರಿಯರೇ. ಗುಜರಾತಿನ ಪಾಲಿತಾಣದ ಶತ್ರುಂಜಯ ಗಿರಿಯನ್ನು ನೋಡಬೇಕು. ಗುಜರಾತಿ, ಮಾರವಾಡಿ ಶ್ವೇತಾಂಬರ ಕುಟುಂಬಗಳಿಗೆ ಇದು ಚಿರಪರಿಚಿತ, ಕನ್ನಡ ದಿಗಂಬರ ಮನೆಗಳಲ್ಲಿ ಅಷ್ಟಾಗಿ ತಿಳಿಯದು. ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಗಿರಿಯ ಮೇಲೆ ಎಂಟುನೂರಕ್ಕೂ ಮಿಕ್ಕಿ ಮಂದಿರಗಳು. ಇಷ್ಟು ದೊಡ್ಡ ಮಂದಿರನಗರದಲ್ಲಿ ರಾತ್ರಿ ಯಾರೂ ಇರುವಂತಿಲ್ಲ. ಸಂಜೆಯಾಗುತ್ತಲೇ ಪೂಜಾರಿಯೂ ಸಹ ಕೆಳಗಿಳಿಯಬೇಕು. ಆಷಾಢದ ಹುಣ್ಣಿಮೆಯಿಂದ ಕಾರ್ತಿಕದ ಹುಣ್ಣಿಮೆಯವರೆಗಿನ ನಾಲ್ಕು ತಿಂಗಳು ಯಾತ್ರೆಯೇ ಬಂದ್. ಮಳೆಗಾಲದಲ್ಲಿ ಹಾದಿಯಲ್ಲಿ ಜೀವಜಂತುಗಳು ಹೆಚ್ಚು, ಕಾಲಿಟ್ಟಲ್ಲೆಲ್ಲ ಹಿಂಸೆ. ಆ ಕಾರಣಕ್ಕಾಗಿಯೇ ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ಅದೇ ನಿಯಮವನ್ನು ಗಿರಿಗೂ ಹಾಕಿದ್ದಾರೆ. ಫಲವಾಗಿ ವರ್ಷದಲ್ಲಿ ನಾಲ್ಕು ತಿಂಗಳು ಹುಲ್ಲು ಚಿಗುರುತ್ತದೆ, ಮೆಟ್ಟಿಲಿಗೆ ವಿಶ್ರಾಂತಿ, ದುರಸ್ತಿಗೆ ಬಿಡುವು. ಈ ಗಿರಿಯ ಆಡಳಿತ ನಡೆಸುವ ಸಂಸ್ಥೆಯ ಹೆಸರು ಶೇಠ್ ಆನಂದಜಿ ಕಲ್ಯಾಣಜಿ ಪೇಢಿ. ಪೇಢಿಯೆಂದರೆ ವ್ಯಾಪಾರದ ಕೋಠಿ. ವರ್ಷಕ್ಕೆ ನಾಲ್ಕು ತಿಂಗಳು ಬಾಗಿಲು ಮುಚ್ಚಿಯೂ ನಷ್ಟವಾಗದ ಪೇಢಿ ಇದೊಂದೇ ಇರಬೇಕು!

ಶ್ರವಣಬೆಳಗೊಳದ್ದು ಇನ್ನೊಂದು ಬಗೆಯ ಮಿತಿ. ಕ್ರಿ.ಶ. 981ರಲ್ಲಿ ಚಾವುಂಡರಾಯನು ವಿಂಧ್ಯಗಿರಿಯ ಮೇಲೆ ಪ್ರತಿಷ್ಠಾಪಿಸಿದ, ಸುಮಾರು 58 ಅಡಿಯ ಗೊಮ್ಮಟೇಶ್ವರನಿಗೆ ದಿನನಿತ್ಯ ಪಾದಪೂಜೆ ಮಾತ್ರ. ಹಾಲು, ಎಳನೀರು, ಕಬ್ಬಿನ ಹಾಲು, ಅರಿಶಿನ, ಚಂದನಗಳ ಮಸ್ತಕಾಭಿಷೇಕ ನಡೆಯುವುದು ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ. 1981, 1993, 2006, 2018ರಲ್ಲಿ ಅದು ನಡೆಯಿತು. ಅಷ್ಟು ಎತ್ತರದ ಮೂರ್ತಿಗೆ ಪ್ರತಿದಿನ ಅಭಿಷೇಕ ಅಸಾಧ್ಯವೆಂಬುದು ಒಂದು ಕಾರಣ. ಕಲ್ಲಿಗೆ ಹನ್ನೆರಡು ವರ್ಷದ ಬಿಡುವು ಸಿಕ್ಕಿತೆಂಬುದು ಅದರ ಫಲ. ಸಾವಿರ ವರ್ಷ ಬಿಸಿಲು ಮಳೆಯಲ್ಲಿ ನಿಂತ ವಿಗ್ರಹದ ಮುಖದ ಕಾಂತಿ ಉಳಿದದ್ದರಲ್ಲಿ ಶಿಲ್ಪಿಯ ಕಲ್ಲಿನ ಆಯ್ಕೆಯ ಜೊತೆಗೆ ಈ ಸಂಯಮದ ಪಾಲೂ ಇದೆ. ಉತ್ಸವದ ಕಾಲದಲ್ಲಿಯೂ ಮೂರ್ತಿಯ ಹಿಂದೆ ಕಟ್ಟುವ ಅಟ್ಟಣಿಗೆಯ ಮೇಲೆ ಒಂದು ಬಾರಿಗೆ ಎಷ್ಟು ಜನ ನಿಲ್ಲಬಹುದೆಂದು ಎಂಜಿನಿಯರರು ಲೆಕ್ಕ ಹಾಕಿಯೇ ಬಿಡುತ್ತಾರೆ. ಅಟ್ಟಣಿಗೆಗೆ ಹಾಕುವ ಈ ಲೆಕ್ಕವನ್ನು ಬೆಟ್ಟಕ್ಕೂ ಊರಿಗೂ ಕಲ್ಯಾಣಿಗೂ ಹಾಕಬೇಕೆಂಬುದಷ್ಟೇ ಇಂದಿನ ತಜ್ಞರ ಮಾತು. ಅದಕ್ಕೆ ಅವರು ‘ಧಾರಣಾ ಸಾಮರ್ಥ್ಯ’ ಎನ್ನುತ್ತಾರೆ.

ಅಜಂತಾದ ಗವಿಗಳಲ್ಲಿ ಈ ಲೆಕ್ಕ ಕಣ್ಣಿಗೆ ಕಾಣುವಂತಿದೆ. ಜನರ ಉಸಿರಿನ ತೇವದಿಂದ ಚಿತ್ರಗಳು ಕೆಡುತ್ತವೆಂದು ಚಿತ್ರವಿರುವ ಗವಿಯೊಳಗೆ ಒಮ್ಮೆಗೆ 40 ಜನರಿಗೆ ಮಾತ್ರ ಪ್ರವೇಶವೆಂಬ ನಿಯಮವಿದೆ. ಸ್ವಂತ ವಾಹನಗಳನ್ನು ಸುಮಾರು 4 ಕಿಲೋಮೀಟರ್ ದೂರದಲ್ಲಿಯೇ ನಿಲ್ಲಿಸಿ ಬೇರೆ ಬಸ್ಸು ಹತ್ತಬೇಕು. ಅಜಂತಾಕ್ಕೆ ಹೋದವರು ಎಲ್ಲೋರಾಕ್ಕೂ ಹೋಗುತ್ತಾರೆ. ಅಲ್ಲಿಯ 30ರಿಂದ 34ರವರೆಗಿನ ಜೈನ ಗವಿಗಳು ಕೈಲಾಸ ದೇವಾಲಯದಿಂದ ದೂರದಲ್ಲಿರುವುದರಿಂದ ಅನೇಕರು ಅವನ್ನು ನೋಡದೆಯೇ ಮರಳುತ್ತಾರೆ. ಒಂದೆಡೆ ನೂಕುನುಗ್ಗಲು, ಕೂಗಳತೆಯ ಇನ್ನೊಂದೆಡೆ ನಿರ್ಜನ. ಬಂದವರನ್ನು ಹಂಚುವುದೂ ವ್ಯವಸ್ಥೆಯ ಒಂದು ಅಂಗ.

ಹಂಪಿಯ ಕಥೆಯನ್ನೂ ಮರೆಯುವಂತಿಲ್ಲ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ನಗರವು ತುಂಗಭದ್ರೆಗೆ ಅಡ್ಡಲಾಗಿ ಹೊಸ ಸೇತುವೆ ಕಟ್ಟತೊಡಗಿದ ಕಾರಣದಿಂದ 1999ರಲ್ಲಿ ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಗೆ ಇಳಿಯಿತು. 2002ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಪ್ರಾಧಿಕಾರದ ಕಾನೂನು ಬಂದಿತು. 2006ರಲ್ಲಿ ಕಳಂಕ ಕಳೆಯಿತು. ಆದರೆ 2011ರಲ್ಲಿ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ತೆರವುಗೊಳಿಸಿದಾಗ ಉಂಟಾದ ಕಹಿ ಬಹುಕಾಲ ಉಳಿಯಿತು. ಕಲ್ಲನ್ನು ಉಳಿಸುವ ಭರದಲ್ಲಿ ಕಲ್ಲಿನ ನೆರಳಲ್ಲಿ ಬದುಕಿದವರನ್ನು ವೈರಿಗಳಾಗಿಸಿದರೆ ನಾಳೆ ಕಾಯುವವರು ಉಳಿಯುವುದಿಲ್ಲ.

ಜೀರ್ಣೋದ್ಧಾರವೆಂಬ ಅಪಾಯ

ಹೊರಗಿನ ಪ್ರವಾಸಿಗರ ಕುರಿತು ಸಮಾಜದಲ್ಲಿ ಬಹಳ ಮಾತು ನಡೆಯುತ್ತದೆ. ದಾನಿಗಳ ಕುರಿತು ಯಾರೂ ಮಾತನಾಡುವುದಿಲ್ಲ. ಆದರೆ ಪ್ರಾಚೀನ ಬಸದಿಗಳಿಗೆ ಪ್ರವಾಸಿಯ ಕ್ಯಾಮೆರಾಕ್ಕಿಂತ ಭಕ್ತನ ದೇಣಿಗೆಯಿಂದಲೇ ಹೆಚ್ಚು ಹಾನಿಯಾಗಿರುವುದು ಕಂಡುಬರುತ್ತದೆ. ಇದು ಕಟುವಾದ ಮಾತು, ಆದರೂ ಹೇಳಲೇಬೇಕಾದದ್ದು.

ಹಳೆಯ ಬಸದಿಯೊಂದಕ್ಕೆ ಶ್ರೀಮಂತ ಯಾತ್ರಿಕರು ಬರುತ್ತಾರೆ. ನೆಲ ಹಾಳಾಗಿದೆ, ಗೋಡೆ ಕಪ್ಪಾಗಿದೆ ಎಂದು ಮನ ಮರುಗುತ್ತದೆ. ಅಲ್ಲಿಯೇ ಚೆಕ್ಕು ಬರೆಯುತ್ತಾರೆ. ಟ್ರಸ್ಟಿನವರು ಸಂತೋಷದಿಂದ ಗುತ್ತಿಗೆದಾರನನ್ನು ಕರೆಸುತ್ತಾರೆ. ಹಳೆಯ ಹಾಸುಗಲ್ಲು ಕಿತ್ತು ನುಣುಪಾದ ಗ್ರಾನೈಟ್ ಹಾಸುತ್ತಾರೆ. ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿಯುತ್ತಾರೆ. ಕಂಬಗಳಿಗೆ ಎಣ್ಣೆಬಣ್ಣ, ಶಿಖರಕ್ಕೆ ಬಂಗಾರದ ಬಣ್ಣ, ಬಾಗಿಲ ಬಳಿ ದಾನಿಗಳ ಹೆಸರಿನ ಅಮೃತಶಿಲೆಯ ಫಲಕ. ಬಣ್ಣದ ಕೆಳಗೆ ಒಂದು ಶಾಸನವಿದ್ದರೆ ಅದು ಅಂದೇ ಮೂಕವಾಯಿತು. ಒಬ್ಬರ ಹೆಸರು ಗೋಡೆಗೆ ಬರಲು ಸಾವಿರ ವರ್ಷದ ಹಿಂದಿನ ದಾನಿಯ ಹೆಸರು ಅಳಿಯಿತು.

ಗಾರೆಯ ವಿಷಯದಲ್ಲಿ ಒಂದು ಮಾತು. ಹಳೆಯ ಕಟ್ಟಡದ ಸುಣ್ಣದ ಗಾರೆ ಉಸಿರಾಡುತ್ತದೆ. ಗೋಡೆಯೊಳಗೆ ಸೇರಿದ ತೇವವು ಅದರ ಮೂಲಕ ಹೊರಗೆ ಹೋಗುತ್ತದೆ. ಸಿಮೆಂಟ್ ಬಿಗಿಯಾದದ್ದು. ತೇವವೂ ಉಪ್ಪೂ ಒಳಗೇ ಸಿಕ್ಕಿಕೊಂಡು ಕಲ್ಲಿನ ಮೈಯನ್ನೇ ಪದರ ಪದರವಾಗಿ ಉದುರಿಸುತ್ತವೆ. ಹಿಂದಿನವರು ಸುಣ್ಣಕ್ಕೆ ಮರಳಿನ ಜೊತೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸಿ ದಿನಗಟ್ಟಲೆ ಕೊಳೆಹಾಕಿ ಅರೆಯುತ್ತಿದ್ದರು. ಆ ಕೆಲಸ ಬಲ್ಲವರು ಈಗಲೂ ಇದ್ದಾರೆ. ಪುರಾತತ್ತ್ವ ಇಲಾಖೆಯ ಕಾಮಗಾರಿಗಳಲ್ಲಿ ಅವರನ್ನೇ ಬಳಸುತ್ತಾರೆ. ಖರ್ಚು ತುಸು ಹೆಚ್ಚು, ಕಾಲ ಬಹಳ ಹೆಚ್ಚು. ರಥೋತ್ಸವದೊಳಗೆ ಮುಗಿಸಬೇಕೆಂಬ ಅವಸರವೇ ಇಲ್ಲಿ ಮೊದಲ ಶತ್ರು.

ಕಲ್ಲಿನ ಗುಣ ತಾಂಡೂರು, ಶಹಾಬಾದ್ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯ ಶಹಾಬಾದ್ ಹಾಸಿನ ಮೇಲೆ ಹುಣಿಸೆ ರಸ, ನಿಂಬೆ ರಸ ಬಿದ್ದರೆ ಕಲೆ ಉಳಿಯುತ್ತದೆಂದು ಯಾವ ಗೃಹಿಣಿಯೂ ಬಲ್ಲಳು. ಅದು ಸುಣ್ಣಕಲ್ಲು, ಹುಳಿ ತಾಗಿದರೆ ಕರಗುತ್ತದೆ. ಹೀಗಿದ್ದೂ ಈ ಸೀಮೆಯ ಹಳೆಯ ಗುಡಿ ಬಸದಿಗಳಲ್ಲಿ ಹಿತ್ತಾಳೆಯ ಪಾತ್ರೆ, ದೀಪಗಳನ್ನು ಹುಣಿಸೆ ಹಚ್ಚಿ ತಿಕ್ಕುವುದು ಆ ಕಲ್ಲಿನ ಮೇಲೆಯೇ. ಉತ್ಸವದ ಮುನ್ನಾದಿನ ಅಂಗಡಿಯಿಂದ ಆ್ಯಸಿಡ್ ತಂದು ನೆಲ ತೊಳೆಯುವುದೂ ಉಂಟು. ನೆಲ ಬೆಳ್ಳಗಾಗುತ್ತದೆ, ನಿಜ. ಬೆಳ್ಳಗಾದದ್ದು ಕಲ್ಲಿನ ಮೇಲ್ಮೈ ಕರಗಿ. ಅಭಿಷೇಕದ ಮಾತೂ ಅದೇ. ಪ್ರಾಚೀನ ಶಿಲಾಮೂರ್ತಿಗೆ ಪ್ರತಿಯೊಂದು ಯಾತ್ರಾ ತಂಡವೂ ಹಾಲು, ಮೊಸರು, ಹಣ್ಣಿನ ರಸಗಳ ಪಂಚಾಮೃತಾಭಿಷೇಕ ಮಾಡಿದರೆ ಸಂದುಗಳಲ್ಲಿ ಜಿಡ್ಡು ನಿಂತು ಇರುವೆ, ಬೂಷ್ಟು ಸೇರುತ್ತವೆ. ಅಹಿಂಸೆಯ ದೃಷ್ಟಿಯಿಂದಲೂ ಅದು ಸಲ್ಲದು. ಅನೇಕ ಬಸದಿಗಳಲ್ಲಿ ನಿತ್ಯಾಭಿಷೇಕಕ್ಕೆಂದೇ ಪಂಚಲೋಹದ ಚಿಕ್ಕ ಪ್ರತಿಮೆ ಇರಿಸಿರುವುದು ಇದೇ ಕಾರಣಕ್ಕೆ.

ವರ್ತಕರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದಾದರೆ, ಕ್ಷೇತ್ರದಲ್ಲಿ ಕಲ್ಲು, ಶಾಸನ, ಬೆಟ್ಟ, ನೀರು ಇವು ಅಸಲು. ಯಾತ್ರಿಕರಿಂದ ಬರುವ ಕಾಣಿಕೆ, ಕೋಣೆಯ ಬಾಡಿಗೆ, ಊರವರ ವ್ಯಾಪಾರ ಇವು ಬಡ್ಡಿ. ಅಸಲು ಮುರಿದು ಉಣ್ಣುವ ಕೋಠಿಯ ಗತಿ ಪೇಟೆಯಲ್ಲಿ ಎಲ್ಲರಿಗೂ ಗೊತ್ತು.

ಕಾನೂನೂ ಇದನ್ನೇ ಹೇಳುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ತೆಲಂಗಾಣದಲ್ಲಿ 2017ರ ಪರಂಪರೆ ಕಾಯಿದೆ ಇದೆ. ಕರ್ನಾಟಕದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಸರ್ಕಾರ ಹಾಗೂ ಊರವರೊಡನೆ ವೆಚ್ಚ ಹಂಚಿಕೊಂಡು, ತಜ್ಞರ ಸಲಹೆಯಂತೆ ನೂರಾರು ಹಳೆಯ ದೇವಾಲಯ, ಬಸದಿಗಳನ್ನು ಮೊದಲಿನ ರೂಪದಲ್ಲಿಯೇ ನಿಲ್ಲಿಸಿದೆ. ಊರವರ ಪಾಲೂ ಇರಬೇಕೆಂಬ ಆ ಕ್ರಮ ಬಹಳ ವಿವೇಕದ್ದು. ತಾನು ಹಣ ಹಾಕಿದ ಗೋಡೆಗೆ ಯಾರೂ ಸುಮ್ಮನೆ ಮೊಳೆ ಹೊಡೆಯುವುದಿಲ್ಲ.

ಮನೆಯ ಬಾಗಿಲಿನ ಮಾನ್ಯಖೇಟ

ಶಿಖರಜಿ, ಶತ್ರುಂಜಯ, ಬೆಳಗೊಳಗಳು ದೂರದವು. ಅವುಗಳ ವ್ಯವಸ್ಥೆಯನ್ನು ಅಲ್ಲಿಯವರು ನೋಡಿಕೊಳ್ಳುತ್ತಾರೆ. ನ್ಯಾಲ್ಕಲ್, ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕುಟುಂಬಗಳಿಗೆ ಬಾಗಿಲಿನಲ್ಲಿಯೇ ಇರುವ ಕ್ಷೇತ್ರ ಮಳಖೇಡ. 1956ಕ್ಕೆ ಮುನ್ನ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ರಾಜ್ಯಗಳ ಗಡಿ ಬದಲಾದರೂ ದಾರಿ ಬದಲಾಗಲಿಲ್ಲ. ತಾಂಡೂರಿನಿಂದ ವಾಡಿಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಸೇಡಂ ದಾಟಿದ ಬಳಿಕ ‘ಮಳಖೇಡ ರೋಡ್’ ಎಂಬ ನಿಲ್ದಾಣವೇ ಇದೆ. ಕಿಟಕಿಯಿಂದ ಆ ಫಲಕವನ್ನು ಓದಿದವರು ಅಸಂಖ್ಯ, ಇಳಿದವರು ವಿರಳ.

ಕಾಗಿಣಾ ನದಿಯ ದಡದ ಈ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಇಲ್ಲಿಂದ ಆಳಿದನು. ಆತನಿಗೆ ಗುರುಗಳಾಗಿದ್ದ ಆಚಾರ್ಯ ಜಿನಸೇನರು ಸಂಸ್ಕೃತದಲ್ಲಿ ಮಹಾಪುರಾಣವನ್ನು ಆರಂಭಿಸಿದರು, ಅದನ್ನು ಪೂರ್ಣಗೊಳಿಸಿದವರು ಶಿಷ್ಯ ಗುಣಭದ್ರರು. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗ ಆ ಆಸ್ಥಾನದ್ದು. ಮಹಾವೀರಾಚಾರ್ಯರ ಗಣಿತಸಾರಸಂಗ್ರಹ ಅದೇ ಕಾಲದ್ದು. ವ್ಯಾಪಾರದ ಬಡ್ಡಿ ಲೆಕ್ಕಗಳೂ ಅದರಲ್ಲಿವೆ. ಹತ್ತನೆಯ ಶತಮಾನದಲ್ಲಿ ಮೂರನೆಯ ಕೃಷ್ಣನ ಆಶ್ರಯದಲ್ಲಿ ಪೊನ್ನನು ಕನ್ನಡದಲ್ಲಿ ಶಾಂತಿಪುರಾಣ ರಚಿಸಿದನು. ಅದೇ ಊರಿನಲ್ಲಿ 965ರಲ್ಲಿ ಪುಷ್ಪದಂತ ಮಹಾಕವಿಯು ಅಪಭ್ರಂಶ ಭಾಷೆಯಲ್ಲಿ ತನ್ನ ಮಹಾಪುರಾಣವನ್ನು ಮುಗಿಸಿದನು. ಆ ಅಪಭ್ರಂಶವೇ ಹಿಂದಿ, ಗುಜರಾತಿಗಳ ಹಿರಿಯಜ್ಜಿ. ಆದಕಾರಣ ಮಳಖೇಡ ಕನ್ನಡದವರದ್ದು ಮಾತ್ರವೆಂದು ಮಾರವಾಡಿ, ಗುಜರಾತಿ ಬಂಧುಗಳು ತಿಳಿಯಬೇಕಾಗಿಲ್ಲ. ತೆಲುಗಿನವರಿಗೂ ಸಂಬಂಧವಿದೆ. ರಾಷ್ಟ್ರಕೂಟರ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಸ್ಥಾನಕವಿ ಪಂಪ. ಆತನ ತಮ್ಮ ಜಿನವಲ್ಲಭನು ಕರೀಂನಗರ ಸೀಮೆಯ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಶಾಸನ ಬರೆಸಿದ್ದಾನೆ. ಗೊಮ್ಮಟನ ಪಾದದ ಬಳಿಯೂ ಕನ್ನಡ, ತಮಿಳು, ಮರಾಠಿಗಳಲ್ಲಿ ಬರಹಗಳಿವೆ. ಭಾಷೆಗಳ ನಡುವೆ ಬೇಲಿ ಹಾಕುವ ಅಭ್ಯಾಸ ಆ ಶ್ರಾವಕರಿಗೆ ಇರಲಿಲ್ಲವೆಂದು ತೋರುತ್ತದೆ.

972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆ ಮಾಡಿದನು. ಇಂದು ಅಲ್ಲಿ ಉಳಿದಿರುವುದು ಹಳೆಯ ಕೋಟೆ, ನೇಮಿನಾಥ ಬಸದಿ, ಮತ್ತು ಮಾಧ್ವ ಬಂಧುಗಳಿಗೆ ಪೂಜ್ಯವಾದ ಶ್ರೀ ಜಯತೀರ್ಥರ ಬೃಂದಾವನ. ಬಸದಿಯಲ್ಲಿರುವ ಪಂಚಲೋಹದ ಚಿಕ್ಕ ಮಂದಿರದಲ್ಲಿ 96 ಜಿನಬಿಂಬಗಳಿವೆ. ಭಟ್ಟಾರಕ ಪೀಠವೂ ಇಲ್ಲಿತ್ತು. ಬೆಳಗೊಳಕ್ಕೆ ಜನ ಹೆಚ್ಚಾಗಿ ತೊಂದರೆಯಾದರೆ ಮಳಖೇಡಕ್ಕೆ ಜನರಿಲ್ಲದೆ ತೊಂದರೆ. ಯಾರೂ ನೋಡದ ಸ್ಥಳವನ್ನು ಯಾರೂ ಕಾಯುವುದಿಲ್ಲ. ಹಾಗೆಂದು ಒಮ್ಮೆಗೇ ಉತ್ಸಾಹ ಬಂದು ಭಾನುವಾರಕ್ಕೆ ಇಪ್ಪತ್ತು ಬಸ್ಸುಗಳು ಹೋದರೆ ಆ ಊರು ತಾಳಲಾರದು. ಅಲ್ಲಿಯ ಯಾತ್ರೆ ಇನ್ನೂ ಬೆಳೆದಿಲ್ಲವಾದ್ದರಿಂದ ಮೊದಲಿನಿಂದಲೇ ಸರಿಯಾದ ಕ್ರಮ ಹಾಕಿಕೊಳ್ಳುವ ಅವಕಾಶ ಉಳಿದಿದೆ.

ಲೆಕ್ಕ ಸರಳವಾದದ್ದು. ಎರಡು ಬಸ್ಸಿನ ತಂಡವೆಂದರೆ ನೂರು ಜನ. ರಾತ್ರಿ ತಂಗಿದರೆ ಸ್ನಾನ, ಶೌಚ, ಅಡುಗೆಗೆ ತಲೆಗೆ 40 ಲೀಟರಿನಂತೆ ಹಿಡಿದರೂ 4,000 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಊರವರೇ ಕೊಡ ಹಿಡಿದು ನಿಂತಿರುವಾಗ ಯಾತ್ರಿಕರು ಅಷ್ಟು ನೀರು ಬಳಸಿದರೆ ಆ ಪುಣ್ಯ ಯಾರಿಗೆ? ಬೆಳಿಗ್ಗೆ ಹೋಗಿ ಸಂಜೆ ಮರಳುವಷ್ಟು ಹತ್ತಿರವಿರುವಾಗ ಅಲ್ಲಿ ತಂಗುವ ಅಗತ್ಯವೇ ಇಲ್ಲ. ತಲೆಗೆ ಮೂರರಂತೆ ಮುನ್ನೂರು ಪ್ಲಾಸ್ಟಿಕ್ ಬಾಟಲಿಗಳು ಹಿಂದೆ ಉಳಿಯುವುದನ್ನೂ ತಪ್ಪಿಸಬಹುದು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಜೈನ ಮನೆತನದ ಗುರುತು. ಮನೆಯಿಂದ ಸ್ಟೀಲಿನ ಡಬ್ಬಿಯಲ್ಲಿ ಸೋಸಿದ ನೀರು, ಒಂದು ಚೌಕ ಬಟ್ಟೆ ಒಯ್ಯುವುದರಲ್ಲಿ ಅವಮಾನವೇನಿದೆ?

ಕಾಲದ ಮಾತು. ಕಾಗಿಣಾ ತುಂಬಿದಾಗ ಮಳಖೇಡದಲ್ಲಿ ನೆರೆ ಬರುತ್ತದೆ. ಚಾತುರ್ಮಾಸ ಕಳೆದು ದೀಪಾವಳಿಯ ಮಹಾವೀರ ನಿರ್ವಾಣೋತ್ಸವ ಮುಗಿದ ಮೇಲೆ, ಮಾಘದವರೆಗೆ ಯಾತ್ರೆಗೆ ಪ್ರಶಸ್ತ. ಸಂಜೆಯ ಊಟ ಸೂರ್ಯಾಸ್ತಕ್ಕೆ ಮುನ್ನ ಆಗಬೇಕಾದ್ದರಿಂದ ಜೈನ ಯಾತ್ರೆಯ ವೇಳಾಪಟ್ಟಿ ತಾನಾಗಿಯೇ ಶಿಸ್ತಿನದಾಗುತ್ತದೆ. ತಡವಾಗಿ ಬಂದ ಬಸ್ಸಿಗಾಗಿ ರಾತ್ರಿ ಒಲೆ ಹಚ್ಚಬೇಕೆಂದು ಅರ್ಚಕರ ಮನೆಯವರನ್ನು ಒತ್ತಾಯಿಸುವ ಪ್ರಸಂಗ ಬರಬಾರದು.

ಊಟದ ವಿಷಯದಲ್ಲಿಯೂ ವಿಚಾರ ಬೇಕು. ಹೈದರಾಬಾದಿನಿಂದ ಪೊಟ್ಟಣಗಳನ್ನು ತುಂಬಿಕೊಂಡು ಹೋಗಿ, ತಿಂದು, ಕಾಗದ ಎಸೆದು ಬಂದರೆ ಊರಿಗೆ ದಕ್ಕಿದ್ದು ಕಸ ಮಾತ್ರ. ಕಲಬುರಗಿಯ ತೊಗರಿಗೆ 2019ರಲ್ಲಿಯೂ ತಾಂಡೂರಿನ ತೊಗರಿಗೆ 2022ರಲ್ಲಿಯೂ ಭೌಗೋಳಿಕ ಮಾನ್ಯತೆ ದೊರೆತಿದೆ. ಅಂಥ ತೊಗರಿಯ ನಾಡಿನಲ್ಲಿ ಬೇಳೆ, ಜೋಳವನ್ನು ಅಲ್ಲಿಯ ಅಂಗಡಿಯಲ್ಲಿಯೇ ಕೊಂಡು, ಅಲ್ಲಿಯ ಹೆಣ್ಣುಮಕ್ಕಳಿಂದಲೇ ಕಂದಮೂಲವಿಲ್ಲದ ಶುದ್ಧ ಅಡುಗೆ ಮಾಡಿಸಿ, ನ್ಯಾಯವಾದ ಕೂಲಿ ಕೊಟ್ಟರೆ ಮುಂದಿನ ಬಾರಿ ಬಸದಿಯ ದಾರಿ ತೋರಿಸುವವರು ಅವರೇ. ಶಾಸನ, ಇತಿಹಾಸ ಬಲ್ಲ ಊರಿನ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಮಾರ್ಗದರ್ಶಕರಾಗಿ ತಯಾರು ಮಾಡುವುದು ಇನ್ನೂ ಒಳ್ಳೆಯದು. ಕನ್ನಡ ಓದಲು ಬಾರದ ಕುಟುಂಬಗಳಿಗೆ ಹಿಂದಿ, ತೆಲುಗು, ಗುಜರಾತಿಯಲ್ಲಿ ಒಂದು ಪುಟದ ವಿವರಣೆ ಅಚ್ಚು ಹಾಕಿಸಿ ಬಸ್ಸಿನಲ್ಲಿಯೇ ಹಂಚಬಹುದು. ಅಕ್ಷರದ ಮಹತ್ವ ತಿಳಿಯದವರೇ ಶಾಸನಕ್ಕೆ ಕುಂಕುಮ ಹಚ್ಚಿ ಎಣ್ಣೆ ಸುರಿಯುವುದು, ದುರುದ್ದೇಶದಿಂದಲ್ಲ.

ದಾನ ಮಾಡಲಿಚ್ಛಿಸುವವರಿಗೆ ಕಲ್ಲು ಮುಟ್ಟದ ದಾನಗಳು ಬೇಕಾದಷ್ಟಿವೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಮಾನ್ಯಖೇಟದ ಅರಮನೆ ಮಣ್ಣುಪಾಲಾದರೂ ಆ ಗ್ರಂಥ ಉಳಿದದ್ದರಲ್ಲಿ ಆ ತಾಯಿಯ ದಾನದ ಪಾಲಿದೆ. ಶೌಚಾಲಯ, ಮಳೆನೀರಿನ ತೊಟ್ಟಿ, ರಾತ್ರಿ ಕಾವಲುಗಾರನ ಸಂಬಳ, ಬಿಂಬಗಳ ಛಾಯಾಚಿತ್ರ ಸಹಿತ ದಾಖಲೆಪಟ್ಟಿ ಇವುಗಳಿಗೆ ಅಮೃತಶಿಲೆಯ ಫಲಕದಲ್ಲಿ ಹೆಸರು ಬರಲಿಕ್ಕಿಲ್ಲ. ಕಳವಾದ ವಿಗ್ರಹ ಮರಳಿ ಸಿಕ್ಕಾಗ ಅದು ಈ ಬಸದಿಯದೇ ಎಂದು ಸಾಬೀತು ಮಾಡುವುದು ಆ ದಾಖಲೆಪಟ್ಟಿಯೇ.

2018ರ ಲೆಕ್ಕದಂತೆ ಬೆಳಗೊಳದ ಮುಂದಿನ ಮಹಾಮಸ್ತಕಾಭಿಷೇಕ 2030ಕ್ಕೆ ಬರಬೇಕು. ಅದಕ್ಕೆ ಬಸ್ಸುಗಳ ಮಾತುಕತೆ ಕೆಲವು ಮನೆಗಳಲ್ಲಿ ಈಗಾಗಲೇ ಆರಂಭವಾಗಿರಲೂಬಹುದು. ಅಷ್ಟರೊಳಗೆ ದೀಪಾವಳಿ ಕಳೆದ ಒಂದು ಭಾನುವಾರ, ತಾಂಡೂರಿನಲ್ಲಿ ಬೆಳಗಿನ ರೈಲು ಹತ್ತಿ, ಡಬ್ಬಿಯಲ್ಲಿ ಸೋಸಿದ ನೀರು ಹಿಡಿದು, ನಲವತ್ತಕ್ಕೆ ಮೀರದ ತಂಡವೊಂದು ಮಳಖೇಡ ರೋಡ್ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಊರಿಗೆ ಆಟೋದಲ್ಲಿ ಹೋಗಬಹುದು, ಅದರ ಬಾಡಿಗೆಯೂ ಅಲ್ಲಿಯವರಿಗೇ ಸಲ್ಲುತ್ತದೆ. ಬಸದಿಯ ಒಳಗೆ ಹತ್ತು ಹತ್ತು ಜನರಂತೆ ಹೋದರೆ 96 ಬಿಂಬಗಳನ್ನೂ ನಿಧಾನವಾಗಿ, ಮುಟ್ಟದೆ, ಎಣಿಸಿ ನೋಡಲು ಸಾಕಷ್ಟು ಹೊತ್ತು ಸಿಗುತ್ತದೆ.